ನಿಲ್ಲಿಸಿಟ್ಟ ಸ್ಪೋರ್ಟ್ಸ್ ಕಾರಿಗೆ ಬ್ಯಾಟರಿ ಮೇಂಟೇನರ್: ಯಾಕೆ ಬೇಕು, ಹೇಗೆ ಹಾಕಬೇಕು

ಭಾನುವಾರ ಬೆಳಕು ಹರಿಯುವ ಮುಂಚೆ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತರೆ ಬೆಂಗಳೂರಿನ ದುಬಾರಿ ಕಾರುಗಳು ಒಂದರ ಹಿಂದೆ ಒಂದು ಹೋಗುವುದು ಕಾಣುತ್ತದೆ. ಅವುಗಳಲ್ಲಿ ಕೆಲವು ಸಂಜೆಗೆ ಬೆಂಗಳೂರಿಗೆ ವಾಪಸ್ ಹೋಗುವುದೇ ಇಲ್ಲ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟ, ಗುಲಾಬಿ ತೋಟಗಳ ನಡುವೆ ಫಾರ್ಮ್‌ಹೌಸ್‌ಗಳು ಎದ್ದಿವೆ. ಅಪಾರ್ಟ್‌ಮೆಂಟಿನಲ್ಲಿ ಜಾಗ ಸಾಲದ ಎರಡನೇ ಕಾರು ಅಲ್ಲಿನ ಶೆಡ್ಡಿಗೆ ಬಂದು ನಿಲ್ಲುತ್ತದೆ. ತಿಂಗಳಿಗೊಮ್ಮೆ ಓಡಿದರೆ ಅದೇ ಹೆಚ್ಚು.

ನೋಡಿಕೊಳ್ಳುವುದು ತೋಟದ ಮನೆಯವರು. ಮಾಲೀಕರು ಅವರ ಕೈಗೆ ಒಂದು ಪುಟ್ಟ ಡಬ್ಬಿ, ಅದಕ್ಕೆ ಹೊಂದಿಕೊಂಡ ಕೆಂಪು ಕಪ್ಪು ವೈರು ಕೊಟ್ಟು, "ಇದನ್ನ ಕಾರಿಗೆ ಹಾಕಿಡಪ್ಪ" ಅಂತ ಹೇಳಿ ಹೊರಟುಬಿಡುತ್ತಾರೆ. ಆಮೇಲೆ ಶುರು ಅನುಮಾನ. ಕೆಂಪು ಎಲ್ಲಿಗೆ, ಕಪ್ಪು ಎಲ್ಲಿಗೆ? ರಾತ್ರಿಯೆಲ್ಲಾ ಆನ್ ಇದ್ದರೆ ಬೆಂಕಿ ಹತ್ತಲ್ವಾ? ಕರೆಂಟು ಹೋಗಿ ಬಂದರೆ ಏನಾಗುತ್ತೆ?

ಆ ಡಬ್ಬಿಯ ಹೆಸರು ಬ್ಯಾಟರಿ ಮೇಂಟೇನರ್. ಮಗ ಅಮೆರಿಕದಲ್ಲಿದ್ದು, ಮನೆ ಮುಂದೆ ಸುಮ್ನೆ ನಿಂತಿರುವ ಮಾರುತಿ ಕಾರಿಗೂ ಇಲ್ಲಿ ಹೇಳುವ ಬಹುಪಾಲು ವಿಷಯ ಹೊಂದುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ತೊಂದರೆ ಬೇಗ ಬರುತ್ತದೆ, ಬಂದಾಗ ಖರ್ಚು ಜಾಸ್ತಿ ಆಗುತ್ತದೆ, ಅಷ್ಟೇ ವ್ಯತ್ಯಾಸ.

ನಿಂತ ಕಾರು ಆಫ್ ಆಗಿರುವುದಿಲ್ಲ

ಕೀ ತೆಗೆದು, ಬಾಗಿಲು ಲಾಕ್ ಮಾಡಿದ ಮೇಲೂ ಕಾರಿನೊಳಗೆ ಕೆಲವು ಭಾಗಗಳು ಎಚ್ಚರ ಇರುತ್ತವೆ. ಗಡಿಯಾರ ಓಡುತ್ತಿರುತ್ತದೆ. ಕಳ್ಳರ ಅಲಾರ್ಮ್ ಕಾಯುತ್ತಿರುತ್ತದೆ. ರಿಮೋಟ್ ಕೀ ಹತ್ತಿರ ಬಂತಾ ಅಂತ ಒಂದು ರಿಸೀವರ್ ಕಿವಿ ಕೊಟ್ಟು ಕೂತಿರುತ್ತದೆ. ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದರೆ ಅದೂ ಸೇರಿತು. ಇವೆಲ್ಲ ಬ್ಯಾಟರಿಯಿಂದಲೇ ಕರೆಂಟು ಎಳೆಯುತ್ತವೆ.

ಎಳೆತ ತೀರಾ ಸಣ್ಣದು. ಚೆನ್ನಾಗಿರುವ ಕಾರಿನಲ್ಲಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್. ಆದರೆ ದಿನದ 24 ಗಂಟೆಯೂ ನಡೆಯುತ್ತದೆ. 50 ಮಿಲಿಆಂಪಿಯರ್ ಅಂದುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್ ಹೋಯಿತು. ಬ್ಯಾಟರಿ ಮೇಲೆ 70 ಎಎಚ್ (ಆಂಪಿಯರ್-ಅವರ್) ಅಂತ ಬರೆದಿರುತ್ತದಲ್ಲ, ಅದು ಅದರ ಒಟ್ಟು ಹಿಡಿತ. ಹೀಗೆ ಹೋದರೆ ಸುಮಾರು 29 ದಿನಕ್ಕೆ ಅದು ಅರ್ಧ ಖಾಲಿ. ಎರಡು ತಿಂಗಳು ತುಂಬುವ ಮುಂಚೆ ಪೂರ್ತಿ ಖಾಲಿ. ತೂಕ ಇಳಿಸಲು ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿಯನ್ನೇ ಚಿಕ್ಕದು ಹಾಕಿರುತ್ತಾರೆ. ಅಲ್ಲಿ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ.

ಇದರ ಜೊತೆಗೆ ಬ್ಯಾಟರಿ ಏನೂ ಕೆಲಸ ಮಾಡದೆಯೂ ತನ್ನೊಳಗೇ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಬಿಸಿ ಹೆಚ್ಚಾದಷ್ಟೂ ಇದು ಜಾಸ್ತಿ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರಾಗಿ ಎರಡು ಪಟ್ಟಾಗುತ್ತದೆ. ಯುರೋಪಿನ ಕಾರಿನ ಕೈಪಿಡಿಗಳು ಚಳಿಗಾಲಕ್ಕೆ ಕಾರು ನಿಲ್ಲಿಸುವುದರ ಬಗ್ಗೆಯೇ ಹೇಳುತ್ತವೆ. ನಮ್ಮ ಕಡೆ ಭಯಪಡಬೇಕಾದ್ದು ಏಪ್ರಿಲ್ ತಿಂಗಳ ತಗಡಿನ ಶೆಡ್ಡಿಗೆ.

ಖಾಲಿ ಆದರೆ ಮತ್ತೆ ತುಂಬಿದರಾಯಿತಲ್ಲ?

ಮೊಬೈಲ್ ಬ್ಯಾಟರಿ ನೋಡಿ ಅಭ್ಯಾಸವಾದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಕಾರಿನ ಮಾಮೂಲಿ ಬ್ಯಾಟರಿ ಬೇರೆ ಜಾತಿ. ಸೀಸದ ತಟ್ಟೆಗಳು, ನಡುವೆ ನೀರು ಬೆರೆತ ಸಲ್ಫ್ಯೂರಿಕ್ ಆಮ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಇದನ್ನು ಕಂಡುಹಿಡಿದರು. ಮೂಲ ರಸಾಯನ ಇವತ್ತಿಗೂ ಅದೇ. ಒಳಗೆ ಆರು ಸೆಲ್, ಒಂದೊಂದೂ ಸುಮಾರು 2.1 ವೋಲ್ಟ್. ಅದಕ್ಕೇ 12 ವೋಲ್ಟ್ ಬ್ಯಾಟರಿ ತುಂಬಿದ್ದಾಗ ಮೀಟರಿನಲ್ಲಿ 12.6 ತೋರಿಸುವುದು.

ಕರೆಂಟು ಕೊಡುವಾಗ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಅನ್ನುವ ಪುಡಿ ಕೂರುತ್ತದೆ. ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ತಕ್ಷಣ ಚಾರ್ಜ್ ಮಾಡಿದರೆ ಮಾತ್ರ. ವಾರಗಟ್ಟಲೆ ಅರೆ ಖಾಲಿ ಬಿಟ್ಟರೆ ಆ ಪುಡಿ ಗಟ್ಟಿ ಹರಳಾಗುತ್ತದೆ, ಆಮೇಲೆ ಚಾರ್ಜರ್‌ಗೆ ಜಗ್ಗುವುದಿಲ್ಲ. ಹರಳು ಕೂತಷ್ಟು ಜಾಗ ತಟ್ಟೆಯಲ್ಲಿ ಸತ್ತ ಹಾಗೇ. ಮೆಕ್ಯಾನಿಕ್‌ಗಳು "ಸಲ್ಫೇಶನ್ ಆಗಿದೆ" ಅನ್ನುವುದು ಇದಕ್ಕೆ. ಹಾಗಾಗಿ ನಿಂತ ಕಾರಿನ ಬ್ಯಾಟರಿ ಸವೆದು ಕೆಡುವುದಿಲ್ಲ, ಹಸಿದು ಕೆಡುತ್ತದೆ. ಒಂದು ವರ್ಷದ ಹೊಸ ಬ್ಯಾಟರಿಯೂ ಹೀಗೆ ಹೋಗಬಹುದು.

ಚಾರ್ಜರ್ ಬೇರೆ, ಮೇಂಟೇನರ್ ಬೇರೆ

ಮನೆ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಯಾವುದೋ ನಲ್ಲಿ ಹನಿ ಹನಿಯಾಗಿ ಸೋರುತ್ತಿದೆ. ಬಾಲ್ ವಾಲ್ವ್ ಇದ್ದರೆ ಸೋರಿದಷ್ಟೇ ನೀರು ಒಳಗೆ ಬಂದು ನಿಲ್ಲುತ್ತದೆ. ಇಲ್ಲದಿದ್ದರೆ ಟ್ಯಾಂಕು ಖಾಲಿ ಆಗಬೇಕು, ಇಲ್ಲವೇ ಮೋಟಾರು ಹಾಕಿ ಮರೆತು ನೀರು ಹೊರಗೆ ಚೆಲ್ಲಬೇಕು.

ಬ್ಯಾಟರಿ ಅಂಗಡಿಯಲ್ಲಿ ಇಡುವ ಹಳೇ ದೊಡ್ಡ ಚಾರ್ಜರ್ ಬಾಲ್ ವಾಲ್ವ್ ಇಲ್ಲದ ಮೋಟಾರು. ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ. ಆಗ ಬ್ಯಾಟರಿಯೊಳಗಿನ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತದೆ, ಮಟ್ಟ ಇಳಿಯುತ್ತದೆ, ತಟ್ಟೆ ಒಣಗುತ್ತದೆ. ಅಂಥದ್ದನ್ನು ಕಾರಿಗೆ ಹಾಕಿ ವಾರಗಟ್ಟಲೆ ಬಿಡುವ ಹಾಗಿಲ್ಲ.

ಮೇಂಟೇನರ್ ಬಾಲ್ ವಾಲ್ವ್ ಕೆಲಸ ಮಾಡುತ್ತದೆ. ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿಕೊಳ್ಳುತ್ತದೆ. ಕಮ್ಮಿ ಇದ್ದರೆ ಸುಮಾರು 14.4 ವೋಲ್ಟ್‌ವರೆಗೆ ಏರಿಸಿ ತುಂಬುತ್ತದೆ. ತುಂಬಿತು ಅಂತ ಗೊತ್ತಾದ ಮೇಲೆ 13.2ರಿಂದ 13.6 ವೋಲ್ಟ್‌ಗೆ ಇಳಿದು ಅಲ್ಲೇ ನಿಲ್ಲುತ್ತದೆ. ಇದನ್ನು ಫ್ಲೋಟ್ ಅನ್ನುತ್ತಾರೆ. ಗಡಿಯಾರ, ಅಲಾರ್ಮ್ ಎಳೆದಷ್ಟು ಕರೆಂಟು ಇಲ್ಲಿಂದ ಹೋಗುತ್ತದೆ, ಬ್ಯಾಟರಿ ತುಂಬಿದ ಹಾಗೇ ಇರುತ್ತದೆ. ಹಾಗಾಗಿ ರಾತ್ರಿಯೆಲ್ಲಾ ಏನು, ಒಳ್ಳೇ ಮೇಂಟೇನರ್ ಅನ್ನು ತಿಂಗಳುಗಟ್ಟಲೆ ಬಿಟ್ಟರೂ ಬ್ಯಾಟರಿ ಉಕ್ಕುವುದಿಲ್ಲ. ಮಾಡಿರುವುದೇ ಅದಕ್ಕೆ. ಸ್ವೀಡನ್ನಿನ ಸಿಟೆಕ್, ಅಮೆರಿಕದ ನೋಕೋ ಈ ಡಬ್ಬಿಗಳಿಗೆ ಹೆಸರಾದ ಕಂಪನಿಗಳು. ಫೆರಾರಿಯಂಥ ಕಾರು ಕೊಂಡರೆ ಇದು ಕಾರಿನ ಜೊತೆಗೇ ಬರುವುದುಂಟು.

ಕರೆಂಟ್ ಬಿಲ್ಲಿನ ಚಿಂತೆ ಬೇಡ. ಡಬ್ಬಿ ದಿನಪೂರ್ತಿ ಸರಾಸರಿ 5 ವ್ಯಾಟ್ ಎಳೆಯಿತು ಅಂದುಕೊಂಡರೂ ತಿಂಗಳಿಗೆ 3.6 ಯೂನಿಟ್.

ಎಷ್ಟು ಆಂಪಿಯರ್‌ನದು ತರಬೇಕು? ತುಂಬಿದ ಬ್ಯಾಟರಿಯನ್ನು ಹಾಗೇ ಉಳಿಸಲು 1 ಆಂಪಿಯರ್‌ನದೂ ಸಾಕು. ಆದರೆ ಅರ್ಧ ಖಾಲಿಯಾದ 70 ಎಎಚ್ ಬ್ಯಾಟರಿಯನ್ನು ಅದು ತುಂಬಲು ಒಂದೂವರೆ ದಿನಕ್ಕಿಂತ ಹೆಚ್ಚು ಬೇಕು. 5 ಆಂಪಿಯರ್‌ನದಾದರೆ ಒಂದು ರಾತ್ರಿಯಲ್ಲಿ ಹೆಚ್ಚುಕಡಿಮೆ ಮುಗಿಯುತ್ತದೆ. ಒಂದೇ ಡಬ್ಬಿ ಕೊಳ್ಳುವುದಾದರೆ 5 ಆಂಪಿಯರ್‌ನದೇ ಮೇಲು.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಲದಾ?

ಸಾಲದು. ದಿನಕ್ಕೆ 1.2 ಎಎಚ್ ಲೆಕ್ಕದಲ್ಲಿ ಒಂದು ವಾರ ನಿಂತ ಕಾರಿನಿಂದ ಹೋಗಿರುವುದು 8.4 ಎಎಚ್. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಎಂಜಿನ್ ಓಡುವಾಗ, ಬ್ಯಾಟರಿಗೆ 20 ಆಂಪಿಯರ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಐದು ನಿಮಿಷದಲ್ಲಿ ಒಳಗೆ ಬಂದಿದ್ದು 1.7 ಎಎಚ್ ಅಷ್ಟೇ. ಅದರಲ್ಲೂ ಒಂದು ಪಾಲು ಸೆಲ್ಫ್ ಹೊಡೆದಾಗ ಹೋಗಿದ್ದನ್ನು ತುಂಬಿಸಲು ಬೇಕು. ಇನ್ನೊಂದು ಕಡೆ, ಬಿಸಿಯಾಗದ ಎಂಜಿನ್ನಿನ ಹೊಗೆಯಲ್ಲಿರುವ ನೀರಿನ ಆವಿ ಸೈಲೆನ್ಸರಿನೊಳಗೇ ಕೂತು ತುಕ್ಕು ಹಿಡಿಸುತ್ತದೆ, ಸುಡದ ಪೆಟ್ರೋಲು ಆಯಿಲ್ ಸೇರುತ್ತದೆ. ಸ್ಟಾರ್ಟ್ ಮಾಡಿದರೆ ಒಂದರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ಬರಬೇಕು. ತೋಟದ ಮನೆಯವರ ಕೈಗೆ ಕೋಟಿ ರೂಪಾಯಿಯ ಕಾರಿನ ಕೀ ಕೊಟ್ಟು "ಒಂದು ರೌಂಡ್ ಹೋಗಿ ಬಾ" ಅನ್ನುವ ಮಾಲೀಕರನ್ನು ನಾನಂತೂ ಕಂಡಿಲ್ಲ.

ಬ್ಯಾಟರಿಯ ಮೈನಸ್ ಬಿಚ್ಚಿಡುವುದು ಇನ್ನೊಂದು ದಾರಿ. ಹಳೇ ಕಾರಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಅಲಾರ್ಮ್ ಸಾಯುತ್ತದೆ, ಕಿಟಕಿ, ಗಡಿಯಾರ ಎಲ್ಲ ಮತ್ತೆ ಹೊಂದಿಸಬೇಕಾಗುತ್ತದೆ. ಚೌಕಟ್ಟಿಲ್ಲದ ಗಾಜಿನ ಬಾಗಿಲಿದ್ದರೆ ಇನ್ನೊಂದು ತಾಪತ್ರಯ. ಬಾಗಿಲು ತೆಗೆಯುವಾಗ ಆ ಗಾಜು ತಾನೇ ಒಂದಿಷ್ಟು ಕೆಳಗಿಳಿದು ದಾರಿ ಬಿಡಬೇಕು. ಕರೆಂಟಿಲ್ಲದಿದ್ದರೆ ಇಳಿಯುವುದಿಲ್ಲ, ಗಾಜು ರಬ್ಬರಿಗೆ ಉಜ್ಜುತ್ತದೆ.

ಮೊದಲು ಬ್ಯಾಟರಿ ಎಲ್ಲಿದೆ ಅಂತ ಹುಡುಕಿ

ಬಾನೆಟ್ ಎತ್ತಿದ ಕೂಡಲೇ ಬ್ಯಾಟರಿ ಕಾಣುವುದು ಮಾಮೂಲಿ ಕಾರಿನಲ್ಲಿ. ಫೋರ್ಡ್ ಮಸ್ಟಾಂಗ್‌ನಲ್ಲೂ ಹಾಗೇ. ಪೋರ್ಷೆ 911ರಲ್ಲಿ ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ಬ್ಯಾಟರಿ ಇರುವುದು ಆ ಮುಂದಿನ ಡಿಕ್ಕಿಯ ಕಡೆ. ಬಿಎಂಡಬ್ಲ್ಯು ಝಡ್4ನಲ್ಲಿ ಹಿಂದಿನ ಡಿಕ್ಕಿಯಲ್ಲಿ. ಬ್ಯಾಟರಿ ಹಿಂದೆ ಇರುವ ಎಷ್ಟೋ ಕಾರುಗಳಲ್ಲಿ ಬಾನೆಟ್ ಕೆಳಗೆ ಕೆಂಪು ಮುಚ್ಚಳದ ಒಂದು ಪ್ಲಸ್ ಕಂಬ, ಪಕ್ಕದಲ್ಲಿ ಕಾರಿನ ಬಾಡಿಗೆ (ಲೋಹದ ಮೈಗೆ) ಸೇರಿದ ಒಂದು ಮೈನಸ್ ಬೋಲ್ಟ್ ಕೊಟ್ಟಿರುತ್ತಾರೆ. ಅಲ್ಲಿಂದಲೇ ಚಾರ್ಜ್ ಮಾಡಬಹುದಾ ಅನ್ನುವುದು ಕೈಪಿಡಿಯಲ್ಲಿ ಇರುತ್ತದೆ. ಆ ಒಂದು ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ತೋಟದ ಮನೆಯವರಿಗೆ ಕಳಿಸಿಬಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಪೋರ್ಷೆ ಇಟ್ಟವರು ಇನ್ನೊಂದು ಮಾತು ತಿಳಿದಿರಬೇಕು. 997 ಮಾದರಿಯಂಥ 911ರಲ್ಲಿ ಮುಂದಿನ ಡಿಕ್ಕಿಯ ಲಾಕ್ ಕರೆಂಟಿನಿಂದಲೇ ತೆರೆಯುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಡಿಕ್ಕಿ ತೆಗೆಯಲು ಬರುವುದಿಲ್ಲ. ಡಿಕ್ಕಿ ತೆಗೆಯದೆ ಬ್ಯಾಟರಿ ಸಿಗುವುದಿಲ್ಲ! ಅದಕ್ಕೇ ಕಂಪನಿಯವರು ಫ್ಯೂಸ್ ಬಾಕ್ಸಿನೊಳಗೆ ಹೊರಗೆ ಎಳೆಯುವಂಥ ಒಂದು ಪ್ಲಸ್ ತುದಿ ಇಟ್ಟಿದ್ದಾರೆ. ಅಲ್ಲಿಗೆ ಹೊರಗಿನಿಂದ ಕರೆಂಟು ಕೊಟ್ಟು ಲಾಕ್ ಬಿಡಿಸಬೇಕು. ಅದು ಡಿಕ್ಕಿ ತೆಗೆಯಲು ಮಾತ್ರ, ಬ್ಯಾಟರಿ ಚಾರ್ಜ್ ಮಾಡುವ ಜಾಗ ಅಲ್ಲ.

ಇನ್ನು ಹಳೇ ತಂತ್ರ ತಳ್ಳುವುದು. ಸ್ಪೋರ್ಟ್ಸ್ ಕಾರುಗಳಲ್ಲಿ ಈಗ ಹೆಚ್ಚಿನವು ಆಟೋಮ್ಯಾಟಿಕ್. ಊರಿನ ಹುಡುಗರನ್ನೆಲ್ಲ ಕರೆದು ಎಷ್ಟು ದೂರ ತಳ್ಳಿದರೂ ಅವು ಸ್ಟಾರ್ಟ್ ಆಗುವುದಿಲ್ಲ.

ವೈರು ಹಾಕುವ ಕ್ರಮ

ಮೇಂಟೇನರ್ ಜೊತೆ ಸಾಮಾನ್ಯವಾಗಿ ಎರಡು ಬಗೆಯ ವೈರು ಬರುತ್ತದೆ. ಒಂದಕ್ಕೆ ಕಚ್ಚಿಕೊಳ್ಳುವ ಕ್ಲಿಪ್, ಇನ್ನೊಂದಕ್ಕೆ ಬೋಲ್ಟಿನಡಿ ಬಿಗಿಯುವ ಉಂಗುರ.

ಕ್ಲಿಪ್‌ನದು ಹೀಗೆ. ಡಬ್ಬಿಯ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಇನ್ನೂ ಹಾಕಿರಬಾರದು. ಮೊದಲು ಕೆಂಪು ಕ್ಲಿಪ್ ಪ್ಲಸ್‌ಗೆ. ಆಮೇಲೆ ಕಪ್ಪು ಕ್ಲಿಪ್. ಇದನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಾಕುವ ಬದಲು, ಸ್ವಲ್ಪ ದೂರದಲ್ಲಿ, ಕಾರಿನ ಬಾಡಿಗೆ ಸೇರಿದ, ಬಣ್ಣ ಇಲ್ಲದ ದಪ್ಪ ಕಬ್ಬಿಣದ ಬೋಲ್ಟಿಗೆ ಹಾಕಬೇಕು. ಕಾರು ಕಂಪನಿ ತೋರಿಸಿದ ಅರ್ಥ್ ಪಾಯಿಂಟ್ ಇದ್ದರೆ ಅದೇ ಸರಿಯಾದ ಜಾಗ. ಪೆಟ್ರೋಲ್ ಪೈಪು, ತಿರುಗುವ ಭಾಗ ಹತ್ತಿರ ಇರಬಾರದು. ಕೊನೆಗೆ ಗೋಡೆಯ ಪ್ಲಗ್ ಹಾಕಿ ಸ್ವಿಚ್ ಒತ್ತುವುದು. ತೆಗೆಯುವಾಗ ಇದೇ ಉಲ್ಟಾ: ಮೊದಲು ಸ್ವಿಚ್ ಆಫ್, ಆಮೇಲೆ ಕಪ್ಪು, ಕೊನೆಗೆ ಕೆಂಪು.

ಯಾಕಿಷ್ಟು ಕಟ್ಟುನಿಟ್ಟು? ಎರಡು ಕಾರಣ. ಕೊನೆಯ ಕ್ಲಿಪ್ ತಾಗುವಾಗ ಸಣ್ಣ ಕಿಡಿ ಹಾರಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ಇದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಕಿಡಿ ಬ್ಯಾಟರಿಯ ತಲೆ ಮೇಲೆ ಆಗುವುದು ಬೇಡ. ಶೆಡ್ಡಿನ ಕಿಟಕಿ ತೆಗೆದಿರಲಿ, ಬೀಡಿ ಸಿಗರೇಟು ಆಚೆಗೇ ಇರಲಿ. ಎರಡನೆಯದು, ಈಗಿನ ಬಹಳಷ್ಟು ಕಾರುಗಳಲ್ಲಿ ಮೈನಸ್ ಕಂಬದ ಮೇಲೇ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಒಳಗೆ ಎಷ್ಟು ಬಂತು, ಹೊರಗೆ ಎಷ್ಟು ಹೋಯಿತು ಅಂತ ಲೆಕ್ಕ ಇಡುವುದು ಅದರ ಕೆಲಸ. ಕಪ್ಪು ಕ್ಲಿಪ್ಪನ್ನು ನೇರ ಕಂಬಕ್ಕೆ ಹಾಕಿದರೆ ಮೇಂಟೇನರ್ ಕೊಟ್ಟ ಕರೆಂಟು ಸೆನ್ಸರ್ ದಾಟಿ ಹೋಗುವುದಿಲ್ಲ. ಬ್ಯಾಟರಿ ತುಂಬಿದ್ದರೂ ಕಾರಿನ ಕಂಪ್ಯೂಟರ್ ಖಾಲಿ ಅಂತಲೇ ತಿಳಿದಿರುತ್ತದೆ. ಬಾಡಿಗೆ ಹಾಕಿದರೆ ಲೆಕ್ಕ ಸರಿ ಬರುತ್ತದೆ.

ಕಾರು ಕಾಯಂ ನಿಲ್ಲುವುದಾದರೆ ಉಂಗುರದ ವೈರೇ ಒಳ್ಳೆಯದು. ಕ್ಲಿಪ್ಪಿನ ಹಾಗೇ ಕೆಂಪು ಪ್ಲಸ್‌ಗೆ, ಕಪ್ಪು ಬಾಡಿಯ ಬೋಲ್ಟಿಗೆ ಒಮ್ಮೆ ಬಿಗಿದು, ಅದರ ತುದಿಯ ಸಾಕೆಟ್ಟನ್ನು ಕೈಗೆ ಸಿಗುವ ಜಾಗಕ್ಕೆ ತಂದಿಟ್ಟರೆ ಆಮೇಲೆ ಸುಮ್ನೆ ಚುಚ್ಚುವುದು, ಕೀಳುವುದು. ಪ್ಲಸ್ ಮೈನಸ್ ಅದಲುಬದಲಾಗುವ ಭಯವೂ ಇಲ್ಲ. ಆದರೆ ಬಿಗಿಯುವಾಗ ಸ್ಪ್ಯಾನರ್ ಹಿಡಿಯಬೇಕು, ಅಲ್ಲಿ ಎಚ್ಚರ ಬೇಕು. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬೋಲ್ಟು ತಿರುಗಿಸುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರೇ ಕೆಂಪಗಾಗುತ್ತದೆ. ಅದಕ್ಕೇ ಮೊದಲು ಮೈನಸ್ ಬಿಚ್ಚಬೇಕು, ಪ್ಲಸ್ ಕೆಲಸ ಮುಗಿಸಬೇಕು, ಕೊನೆಗೆ ಮೈನಸ್ ಹಾಕಬೇಕು. ಕೈಯಲ್ಲಿರುವ ಉಂಗುರ, ಬಳೆ ತೆಗೆದಿಡಿ. ವೈರಿನ ಮೇಲೆ ಒಂದು ಫ್ಯೂಸ್ ಇರುತ್ತದೆ, ಅದನ್ನು ಕತ್ತರಿಸಿ ನೇರ ಜೋಡಿಸಬೇಡಿ. ಈ ವೈರು ಕಾರು ಓಡುವಾಗಲೂ ಬ್ಯಾಟರಿಗೆ ಸೇರಿಯೇ ಇರುತ್ತದೆ. ಎಲ್ಲಾದರೂ ಉಜ್ಜಿ ಸಿಪ್ಪೆ ಹೋದರೆ ಬೆಂಕಿ ಆಗದ ಹಾಗೆ ತಡೆಯುವುದು ಆ ಫ್ಯೂಸ್ ಒಂದೇ.

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕಬಹುದಾ ಅಂತ ಕೇಳುವವರಿದ್ದಾರೆ. ಬಹಳ ಕಾರುಗಳಲ್ಲಿ ಕೀ ಆಫ್ ಮಾಡಿದ ಮೇಲೆ ಆ ಸಾಕೆಟ್ಟಿಗೂ ಬ್ಯಾಟರಿಗೂ ಸಂಪರ್ಕವೇ ಇರುವುದಿಲ್ಲ. ಡಬ್ಬಿಯ ದೀಪ ಉರಿಯುತ್ತದೆ, ಬ್ಯಾಟರಿಗೆ ಏನೂ ಹೋಗುವುದಿಲ್ಲ. ಕೈಪಿಡಿ ಹೌದು ಅಂದಿದ್ದರೆ ಮಾತ್ರ ಹಾಕಿ.

ವೈರು ಹೊರಗೆ ತರುವಾಗ ಡಿಕ್ಕಿಯ ಅಂಚಿನ ಮೆತ್ತಗಿನ ರಬ್ಬರ್ ಮೇಲಿಂದ ತನ್ನಿ, ಚೂಪು ತಗಡಿನ ಮೇಲಿಂದ ಬೇಡ. ಡಿಕ್ಕಿ, ಬಾಗಿಲು ಸರಿಯಾಗಿ ಮುಚ್ಚಿ ಲಾಕ್ ಮಾಡಿ. ತೆರೆದಿದ್ದರೆ ಕಾರಿನ ಕಂಪ್ಯೂಟರ್‌ಗಳು ಮಲಗುವುದೇ ಇಲ್ಲ. ರಿಮೋಟ್ ಕೀಯನ್ನೂ ಕಾರಿನಿಂದ ದೂರ, ಮನೆಯೊಳಗೆ ಇಡಿ. ಹತ್ತಿರದಲ್ಲೇ ಇದ್ದರೆ ಕೆಲವು ಕಾರುಗಳು ಅದರ ಜೊತೆ ಮಾತಾಡುತ್ತಾ ಎಚ್ಚರವಾಗಿಯೇ ಇರುತ್ತವೆ.

ಕರೆಂಟು, ಸಿಡಿಲು, ಇಲಿ

ಬೆಸ್ಕಾಂ ಕರೆಂಟು ಹೋಯಿತು ಅಂತ ಗಾಬರಿ ಬೇಡ. ನಾಲ್ಕು ಗಂಟೆ ಇಲ್ಲದಿದ್ದರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ನೋಡಬೇಕಾದ್ದು ಕರೆಂಟು ವಾಪಸ್ ಬಂದಾಗ ಡಬ್ಬಿ ತಾನಾಗಿಯೇ ಶುರುವಾಗುತ್ತದಾ ಅನ್ನುವುದು. ಕೆಲವಕ್ಕೆ ಮತ್ತೆ ಬಟನ್ ಒತ್ತಬೇಕು. ಕೊಳ್ಳುವ ಮುಂಚೆಯೇ ಇದನ್ನು ಕೇಳಿ ತಿಳಿದುಕೊಳ್ಳಿ, ಹಳ್ಳಿ ಕಡೆ ಇದೊಂದೇ ಗುಣ ಬೇರೆಲ್ಲದಕ್ಕಿಂತ ಮುಖ್ಯ. ಶೆಡ್ಡಿನ ಲೈನು ಪಂಪ್‌ಸೆಟ್ಟಿನ ಫೀಡರಿಗೆ ಸೇರಿದ್ದರೆ ದಿನಕ್ಕೆ ಕೆಲವೇ ಗಂಟೆ ಕರೆಂಟು. ಮೇಂಟೇನರ್‌ಗೆ ಅಷ್ಟೂ ನಡೆಯುತ್ತದೆ, ತಾನಾಗಿ ಶುರುವಾಗುವ ಡಬ್ಬಿಯಾದರೆ.

ಸಾಕೆಟ್ ಮೂರು ಪಿನ್ನಿನದು, ಅರ್ಥಿಂಗ್ ಸರಿಯಿರುವಂಥದ್ದು ಬೇಕು. ಎಕ್ಸ್‌ಟೆನ್ಶನ್ ಬಾಕ್ಸನ್ನು ಒದ್ದೆ ನೆಲದ ಮೇಲೆ ಬಿಡಬೇಡಿ. ಡಬ್ಬಿಯನ್ನು ಬ್ಯಾಟರಿ ಮೇಲೆ, ಕಾರಿನ ಕವರಿನೊಳಗೆ ತುರುಕಬೇಡಿ, ಅದಕ್ಕೂ ಗಾಳಿ ಆಡಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಟ್ಟು ಮಳೆ ನಿಂತ ಮೇಲೆ ಹಾಕುವುದು ಒಳ್ಳೆಯದು. ಪಕ್ಕದಲ್ಲಿ ರಾಗಿ, ಜೋಳದ ಮೂಟೆ ಇದ್ದರೆ ಇಲಿ ಬಂದೇ ಬರುತ್ತದೆ, ವೈರು ಕಡಿದೇ ಕಡಿಯುತ್ತದೆ. ಮೂಟೆ ಬೇರೆ ಕಡೆ ಸಾಗಿಸಿ.

ಶೆಡ್ಡಿಗೆ ಕರೆಂಟೇ ಇಲ್ಲವೆಂದರೆ ಛಾವಣಿ ಮೇಲೆ ಒಂದು ಪುಟ್ಟ ಸೋಲಾರ್ ಪ್ಯಾನೆಲ್ ಹಾಕಿಯೂ ಬ್ಯಾಟರಿ ಉಳಿಸಬಹುದು. 10 ವ್ಯಾಟ್‌ನದು ಸಾಕಾಗುತ್ತದೆ, ನಡುವೆ ಬ್ಯಾಟರಿ ಅತಿಯಾಗಿ ತುಂಬದ ಹಾಗೆ ತಡೆಯುವ ಚಾರ್ಜ್ ಕಂಟ್ರೋಲರ್ ಮಾತ್ರ ಇರಲೇಬೇಕು.

ಬ್ಯಾಟರಿ ಲಿಥಿಯಂ ಆಗಿದ್ದರೆ

ಪೋರ್ಷೆ ಜಿಟಿ3ಯಂಥ ಕೆಲವು ಕಾರುಗಳಲ್ಲಿ ತೂಕ ಇಳಿಸಲು ಲಿಥಿಯಂ ಬ್ಯಾಟರಿ ಬರುವುದುಂಟು. ಇದಕ್ಕೆ ಸೀಸದ ಬ್ಯಾಟರಿಯ ಮೇಂಟೇನರ್ ಹಾಕಬಾರದು. ಹರಳು ಒಡೆಯಲು ಅಂತ ಕೆಲವು ಡಬ್ಬಿಗಳು 15 ವೋಲ್ಟ್ ದಾಟಿಸುತ್ತವೆ, ಲಿಥಿಯಂ ಅದನ್ನು ತಡೆಯುವುದಿಲ್ಲ. ಬ್ಯಾಟರಿಯ ಮೇಲಿನ ಲೇಬಲ್ ಓದಿ, ಲಿಥಿಯಂಗೆ ಅಂತಲೇ ಬರೆದ ಡಬ್ಬಿ ತನ್ನಿ. ಸೀಸದ್ದೇ ಆದರೂ, ಹೀಗೆ ಹರಳು ಒಡೆಯುವ ರೀಕಂಡೀಶನ್ ಬಟನ್ನನ್ನು ಕಾರಿಗೆ ಸೇರಿದ ಬ್ಯಾಟರಿ ಮೇಲೆ ಒತ್ತಬೇಡಿ. ಆ ವೋಲ್ಟೇಜ್ ಕಾರಿನ ಎಲೆಕ್ಟ್ರಾನಿಕ್ಸ್‌ಗೆ ಆಗುವಂಥದ್ದಲ್ಲ.

ಕೆಲಸ ಮಾಡುತ್ತಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಡಬ್ಬಿಯ ಹಸಿರು ದೀಪವನ್ನೇ ನಂಬಿ ಕೂರದೆ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಮೇಂಟೇನರ್ ಹಾಕಿರುವಾಗ ಪ್ಲಸ್‌ಗೂ ಬಾಡಿಗೂ ನಡುವೆ ಅಳೆದರೆ 13 ವೋಲ್ಟ್ ಮೇಲೆ ಬರಬೇಕು. ಅದನ್ನು ತೆಗೆದು ಒಂದು ರಾತ್ರಿ ಬಿಟ್ಟು ಅಳೆದರೆ ಬ್ಯಾಟರಿಯ ನಿಜ ಸ್ಥಿತಿ ತಿಳಿಯುತ್ತದೆ. 12.6 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಇಳಿದಿದ್ದರೆ ಉಳಿದಿರುವುದು ಕಾಲು ಭಾಗ.

ವೋಲ್ಟೇಜ್ ತೀರಾ ಕೆಳಗೆ ಹೋದ ಬ್ಯಾಟರಿಯನ್ನು ಕೆಲವು ಡಬ್ಬಿಗಳು ಬ್ಯಾಟರಿ ಅಂತಲೇ ಗುರುತಿಸುವುದಿಲ್ಲ. ಕೆಂಪು ದೀಪ ಹಾಕಿ ಸುಮ್ನಾಗುತ್ತವೆ. ಡಬ್ಬಿ ಕೆಟ್ಟಿದೆ ಅಂತ ಬೈಯುವ ಮೊದಲು ಬ್ಯಾಟರಿಯನ್ನು ಅಂಗಡಿಗೆ ಒಯ್ದು ಲೋಡ್ ಟೆಸ್ಟ್ (ಜೋರಾಗಿ ಕರೆಂಟು ಎಳೆದಾಗ ತಡೆದುಕೊಳ್ಳುತ್ತದಾ ಅನ್ನುವ ಪರೀಕ್ಷೆ) ಮಾಡಿಸಿ. ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ ಬೆಳಗ್ಗೆ ಒಂದು ಸೆಲ್ಫ್‌ಗೆ ಕುಸಿದು ಬೀಳುವ ಬ್ಯಾಟರಿಗೆ ಮೇಂಟೇನರ್ ಮದ್ದಲ್ಲ. ಹೊಸದು ಹಾಕಿ, ಅದಕ್ಕೆ ಮೊದಲ ದಿನದಿಂದಲೇ ವೈರು ಚುಚ್ಚಿ. ಕಾರು ಹೊರಗೆ ತೆಗೆಯುವ ದಿನ ಮಾತ್ರ ಆ ವೈರು ಕೀಳುವುದು ಮರೆಯಬಾರದು. ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿಟ್ಟರೆ ನೆನಪಾಗುತ್ತದೆ.